ಹುಳ ಮುಟ್ಟದ ಬಳ್ಳಿ

ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಹೊರಟಾಗ ನಮ್ಮತ್ತೆ ಒಂದು ಒದ್ದೆ ಗೋಣಿಯ ಕಟ್ಟನ್ನು ನನ್ನ ತೊಡೆಯ ಮೇಲಿಟ್ಟು ಬಸ್ಸು ಹತ್ತಿಸಿದರು. ಒಳಗೆ ಕಾಳುಮೆಣಸಿನ ಬಳ್ಳಿಯ ತುಂಡುಗಳಿದ್ದವು. ಅವರ ಮನೆತನದಲ್ಲಿ ಅದೊಂದು ಪದ್ಧತಿಯಂತೆ. ಹೊಸ ಸೊಸೆ ಮೊದಲ ಸಲ ತವರಿಗೆ ಹೋಗುವಾಗ ಮನೆಯ ಮೆಣಸಿನ ಬಳ್ಳಿಯೂ ಜೊತೆಗೆ ಹೋಗಬೇಕು, ಅಲ್ಲೊಂದು ಮರಕ್ಕೆ ಹಬ್ಬಬೇಕು. "ಇಲ್ಲಿ ಏನಾರ ಹೆಚ್ಚುಕಮ್ಮಿ ಆದ್ರೆ ಅಲ್ಲೊಂದು ಇರ್ತದೆ" ಎಂದಿದ್ದರು. ಹೆಚ್ಚುಕಮ್ಮಿ ಆಗುವುದು ಬಳ್ಳಿಗೋ ಸೊಸೆಗೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಕೂತಿದ್ದೆ. ಚಿಂತೆ ಮಾಡುವುದು ನನಗೆ ಹುಟ್ಟಿನಿಂದ ಬಂದ ಕಸುಬು.

ಸಕಲೇಶಪುರದಿಂದ ಆಲೂರು, ಅಲ್ಲಿಂದ ಪಾಳ್ಯದ ಕಡೆ ಇನ್ನೊಂದು ಬಸ್ಸು. ಇಳಿಯುವಷ್ಟರಲ್ಲಿ ಹೊಸ ರೇಷ್ಮೆ ಸೀರೆಯ ನಿರಿಗೆಯೆಲ್ಲ ಗೋಣಿಯ ನೀರು ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು. ನಮ್ಮದು ಗದ್ದೆ, ರಾಗಿ ಹೊಲದ ಊರು. ಕಾಳುಮೆಣಸೆಂದರೆ ಅಲ್ಲಿ ಅಂಗಡಿಯವನು ಪೊಟ್ಟಣ ಕಟ್ಟಿ ಕೊಡುವ ಸಾಮಾನು. ಸೀರೆ ನೋಡಲು ಬಂದ ಗೆಳತಿಯರು ಗೋಣಿ ಬಿಚ್ಚಿ ನೋಡಿ, "ಏನೇ ಇದು, ಗಂಡನ ಮನೇರು ಕುರಿಗೆ ಸೊಪ್ಪು ಕೊಟ್ಟು ಕಳ್ಸವ್ರಾ?" ಎಂದು ನಕ್ಕರು. ನನಗೆ ಅಳುವೇ ಬಂತು. ಅವರು ಅತ್ತ ಹೋಗಿದ್ದೇ ಕಟ್ಟನ್ನು ಕೊಟ್ಟಿಗೆಯ ಹಿಂದಿನ ತಿಪ್ಪೆಗೆ ಎಸೆದು ಕೈ ತೊಳೆದುಕೊಂಡೆ.

ವಾರ ಕಳೆದು ವಾಪಸ್ಸು ಬಂದಾಗ ಅತ್ತೆ ಬಾಗಿಲಲ್ಲೇ ಕೇಳಿದರು.

"ಬಳ್ಳಿ ನೆಟ್ರಾ?"

"ಹೂಂ ಅತ್ತೆ."

"ಯಾವ ಮರಕ್ಕೆ?"

ಇದಕ್ಕೆ ಉತ್ತರ ತಯಾರು ಮಾಡಿಕೊಂಡಿರಲಿಲ್ಲ. ಬಾಯಿಗೆ ಬಂದದ್ದು ತೆಂಗಿನ ಮರ. ಅಂದಿನಿಂದ ನಾನು ತವರಿಗೆ ಹೋಗಿ ಬಂದಾಗಲೆಲ್ಲ ಅವರದು ಅದೇ ಪ್ರಶ್ನೆ, "ತೆಂಗಿನ ಮರದ ಬಳ್ಳಿ ಹೆಂಗೈತೆ?" ನನ್ನದು ಅದೇ ಉತ್ತರ, "ಚೆನ್ನಾಗಿದೆ ಅತ್ತೆ." ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಇಲ್ಲದ ಬಳ್ಳಿಯನ್ನು ಇಪ್ಪತ್ತು ವರ್ಷ ಸಾಕುವುದು ಸುಲಭದ ಕೆಲಸವಲ್ಲ. ಮೊದಮೊದಲು ಆಳೆತ್ತರ ಬೆಳೆಸಿದೆ. ಆಮೇಲೆ ಫಸಲು ಬಿಡಿಸಿದೆ. ಮಳೆ ಕೈಕೊಟ್ಟ ಒಂದು ವರ್ಷ, ನಂಬಿಕೆ ಬರಲಿ ಎಂದು ಸ್ವಲ್ಪ ಬಾಡಿಸಿಯೂ ಬಿಟ್ಟೆ. ಅತ್ತೆ ಹುಬ್ಬೇರಿಸಿ, "ಬುಡಕ್ಕೆ ಒಂದಿಷ್ಟು ಸೊಪ್ಪು ಮುಚ್ಚಕ್ಕೆ ಹೇಳು ನಿಮ್ಮವ್ವಂಗೆ" ಎಂದರು. ಹೇಳುತ್ತೇನೆ ಎಂದೆ.

ಈ ಸುಳ್ಳು ನನ್ನ ಕುತ್ತಿಗೆಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ.

ಅಷ್ಟು ಹೊತ್ತಿಗೆ ತೋಟದ ಉಸ್ತುವಾರಿ ನನ್ನ ಕೈಗೆ ಬಂದಿತ್ತು. ಇವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ಬರುವವರು. ಮಾವ ತೀರಿಕೊಂಡಿದ್ದರು. ಆರೆಕರೆ ಕಾಫಿ, ನೆರಳಿಗೆ ಇದ್ದ ಮರಗಳಿಗೆಲ್ಲ ಮೆಣಸು. ಅದರಲ್ಲೂ ಹಳ್ಳದ ಬದಿಯ ತಾಕಿನಲ್ಲಿ ಒಂದು ಮರವೂ ಖಾಲಿ ಇಲ್ಲದಂತೆ ಅತ್ತೆ ತಾವೇ ನಿಂತು ಹಬ್ಬಿಸಿದ್ದ ಹಳೆಯ ಬಳ್ಳಿಗಳು. ಅವಕ್ಕೆ ಹೆಸರಿರಲಿಲ್ಲ. ಕೇಳಿದವರಿಗೆ 'ಊರ ಮೆಣಸು' ಅನ್ನುತ್ತಿದ್ದೆವು. ತೆನೆ ಕಿರುಬೆರಳುದ್ದ, ಕಾಳು ಸಣ್ಣ, ಒಂದು ವರ್ಷ ಬಿಟ್ಟರೆ ಮರುವರ್ಷ ಮುನಿಸು. ಆದರೆ ಹಲ್ಲಿಗಿಟ್ಟರೆ ನೆತ್ತಿಗೇರುವ ಖಾರ.

ಆಗ ಮೆಣಸಿಗೆ ಬೆಲೆ ಬಂದ ಕಾಲ. ಊರಿಗೆ ಊರೇ ಹಳೆ ಬಳ್ಳಿ ಕಿತ್ತು ಹೈಬ್ರಿಡ್ ಹಾಕುತ್ತಿತ್ತು. ಪಕ್ಕದ ಎಸ್ಟೇಟಿನವರ ತೋಟದಲ್ಲಿ ಆ ಹೊಸ ಬಳ್ಳಿಯ ತೆನೆಗಳು ಗೇಣುದ್ದ ಜೋಲಾಡುವುದನ್ನು ನೋಡಿ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಎಲ್ಲರೂ ಹಾಕಿ ನಾವೊಬ್ಬರೇ ಹಾಕದೇ ಹೋದರೆ? ಹಾಕಿ ಬಾರದೇ ಹೋದರೆ? ಎರಡೂ ಚಿಂತೆಯನ್ನು ಆರು ತಿಂಗಳು ಒಟ್ಟಿಗೆ ಮಾಡಿ, ಕೊನೆಗೆ ಹಳ್ಳದ ತಾಕಿನ ಅಷ್ಟೂ ಹಳೇ ಬಳ್ಳಿ ಕಡಿಸುವುದೆಂದು ತೀರ್ಮಾನಿಸಿದೆ.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು:

"ಒಂದು ಬಳ್ಳಿನಾದ್ರೂ ಬುಡು."

"ಹಳೇದು ಪಕ್ಕದಲ್ಲಿದ್ರೆ ಹೊಸದಕ್ಕೆ ರೋಗ ಅಂಟುತ್ತಂತೆ ಅತ್ತೆ. ಪಕ್ಕದ ಎಸ್ಟೇಟಿನವರು ಹೇಳಿದ್ರು."

"ಅವರಿಗೆ ಯಾರು ಹೇಳಿದ್ರು?"

ಅದನ್ನು ನಾನು ಕೇಳಿರಲಿಲ್ಲ. "ಮೂರು ವರ್ಷ ನೋಡಿ ಅತ್ತೆ. ಸರಿ ಬರಲಿಲ್ಲ ಅಂದ್ರೆ ನಾನೇ ನಿಮ್ಮ ಊರ ಮೆಣಸು ವಾಪಸ್ಸು ಹಬ್ಬಿಸ್ತೀನಿ" ಎಂದೆ.

"ಎಲ್ಲಿಂದ ತರ್ತೀಯ?"

ನಾನು ಬಾಯಿ ಬಿಡುವ ಮೊದಲೇ ಅವರೇ ಉತ್ತರ ಕೊಟ್ಟುಕೊಂಡರು. "ಹೂಂ, ನಿಮ್ಮೂರಲ್ಲೈತಲ್ಲ, ತೆಂಗಿನ ಮರದಲ್ಲಿ."

ಅವತ್ತೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕತ್ತಿ ಹಿಡಿದ ಆಳುಗಳು ಆಗಲೇ ಹಳ್ಳಕ್ಕೆ ಇಳಿದಿದ್ದರು.

ಹೊಸ ಸಸಿಗಳನ್ನು ಶಿರಾಡಿ ಘಾಟಿಯ ಕೆಳಗಿನಿಂದ ತರಿಸಿದೆವು. ಪಾಲಿಥಿನ್ ಚೀಲಗಳಲ್ಲಿ ಕೆಂಪು ಮಣ್ಣು, ಮಣ್ಣಿನಲ್ಲಿ ಸೊಂಪಾದ ಬಳ್ಳಿ. ಪಿಕಪ್ಪಿನಲ್ಲಿ ಮಾರನಹಳ್ಳಿ ಹತ್ತಿ ಮೇಲೆ ಬಂದವು. ಸಸಿ ಬಾಡಿದ್ದಾವೆಯೇ, ಚೀಲ ಹರಿದಿದೆಯೇ, ಲೆಕ್ಕಕ್ಕಿಂತ ಕಡಿಮೆ ಇದ್ದಾವೆಯೇ ಎಂದು ಒಂದೊಂದನ್ನೂ ಎತ್ತಿ ನೋಡಿದೆ. ಚೀಲದ ಮಣ್ಣಿನೊಳಗೆ ಏನಿರಬಹುದು ಎಂದು ಮಾತ್ರ ನೋಡಲಿಲ್ಲ. ಮೆಣಸಿನ ಕಾಳು ತಿನ್ನುವ ಹುಳ ಮಣ್ಣಿನಲ್ಲೇ ಕೋಶ ಕಟ್ಟಿಕೊಂಡು ಮಲಗುತ್ತದೆ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅದು ಆ ಚೀಲಗಳಲ್ಲೇ ಘಾಟಿ ಹತ್ತಿ ಬಂತೋ, ಮೊದಲೇ ಇಲ್ಲಿದ್ದು ಒಳ್ಳೆ ಊಟಕ್ಕೆ ಕಾಯುತ್ತಿತ್ತೋ, ಪ್ರಮಾಣ ಮಾಡಿ ಹೇಳಲಾರೆ. ನನ್ನ ಅನುಮಾನ ಮಾತ್ರ ಚೀಲದ ಮೇಲೇ.

ಬಳ್ಳಿಗಳೇನೋ ಚೆನ್ನಾಗಿ ಬಂದವು. ಮೂರನೇ ವರ್ಷ ಮಳೆಗಾಲದಲ್ಲಿ ಗೇಣುದ್ದ ತೆನೆ ಇಳಿದಾಗ ಅತ್ತೆಯನ್ನು ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಒಂದು ಎಲೆಯನ್ನು ತಿರುಗಿಸಿ ಹಿಡಿದು, "ಇದೇನೇ, ಜರಡಿ ಆಗೈತೆ?" ಎಂದರು. ಎಳೆ ಎಲೆಗಳ ತುಂಬ ತೂತು. ಇನ್ನೊಂದು ಎಲೆ ಮುಟ್ಟಿದೆ. ಎಳ್ಳಿಗಿಂತ ತುಸು ದೊಡ್ಡದಿರಬಹುದು, ತಲೆ ಹಳದಿ, ಬೆನ್ನು ಹೊಳೆಯುವ ಕಪ್ಪು, ಒಂದು ದುಂಬಿ ಚಿಗಟದ ಹಾಗೆ ಟಣ್ಣನೆ ನೆಗೆದು ನನ್ನ ಸೆರಗಿನ ಮೇಲೆ ಕೂತಿತು. ಪುಸ್ತಕದಲ್ಲಿ ಅದಕ್ಕೆ ಪೊಳ್ಳು ದುಂಬಿ ಎಂದು ಹೆಸರು. ಅದರ ಮರಿ ಕಾಳಿನೊಳಗೆ ತೂತು ಕೊರೆದು ಹೊಕ್ಕು ತಿರುಳನ್ನೆಲ್ಲ ತಿಂದು ಮುಗಿಸುತ್ತದೆ. ಹೊರಗೆ ನೋಡಿದರೆ ಕಾಳು ಕಾಳಿನ ಹಾಗೇ ಇರುತ್ತದೆ, ಒತ್ತಿದರೆ ಪುಡಿ.

ಆ ವರ್ಷ ಕೊಯ್ದ ಮೆಣಸನ್ನು ಅತ್ತೆ ಕಣದಲ್ಲಿ ಮೊರಕ್ಕೆ ಹಾಕಿ ಕೇರಿದಾಗ ಅರ್ಧಕ್ಕರ್ಧ ಜೊಳ್ಳು ಗಾಳಿಗೆ ಹಾರಿಹೋಯಿತು. ಅವರು ಮೊರ ಮತ್ತೆ ತುಂಬಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಶುರುವಾಯಿತು ಔಷಧಿ ಹೊಡೆಯುವ ಯೋಗ. ಕಾಳು ಕಟ್ಟುವ ಕಾಲಕ್ಕೇ ಹೊಡೆಯಬೇಕು. ಆ ಕಾಲಕ್ಕೆ ನಮ್ಮಲ್ಲಿ ಮಳೆ ನಿಲ್ಲುವುದಿಲ್ಲ. ಒಂದು ಗಳಿಗೆ ಬಿಸಿಲು ಕಂಡರೆ ಸ್ಪ್ರೇಯರ್ ಬೆನ್ನಿಗೇರಿಸಿ ಆಳು ಓಡಬೇಕು. ಅವನು ಹಳ್ಳ ಇಳಿಯುವಷ್ಟರಲ್ಲಿ ಮತ್ತೆ ಸುರಿಯುತ್ತದೆ. ಹೊಡೆದದ್ದೆಲ್ಲ ತೊಳೆದು ಹಳ್ಳ ಸೇರಿತೇ, ಹಳ್ಳದ ನೀರು ಕುಡಿಯುವ ದನಗಳ ಗತಿಯೇನು, ಇದೆಲ್ಲ ನನ್ನ ಚಿಂತೆ. ಇವರು ಒಂದು ಭಾನುವಾರ ಕೊಡೆ ಹಿಡಿದು ನಿಂತು, "ಹುಳಕ್ಕೆ ಸ್ನಾನ ಮಾಡಿಸ್ತಾ ಇದ್ದೀಯ ಕಣೆ ನೀನು. ಸೋಪೊಂದು ಕೊಡು, ಪೂರ್ತಿ ಆಗ್ಲಿ" ಎಂದರು. ಗಣಿತದ ಮೇಷ್ಟ್ರುಗಳಿಗೆ ಹಾಸ್ಯ ಬರುವುದು ಇಂಥ ಹೊತ್ತಿನಲ್ಲೇ.

ನೆರಳು ಕಡಿಮೆ ಮಾಡಿ ಎಂದರು ಒಬ್ಬರು. ಮಾಡಿದೆ. ಕಾಫಿ ಒಣಗಿತು. ಬುಡದ ಮಣ್ಣು ಕೆದಕಿ ಎಂದರು ಇನ್ನೊಬ್ಬರು. ಕೆದಕಿದೆ. ಬೇರು ಕಿತ್ತು ಎರಡು ಬಳ್ಳಿ ಸತ್ತವು. ಹುಳ ಮಾತ್ರ ವರ್ಷವರ್ಷಕ್ಕೆ ನೆಂಟರನ್ನು ಕರೆದುಕೊಂಡು ಬಂತು.

ಆಗ ಅತ್ತೆ ಮಾತು ತೆಗೆದರು. ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ.

"ಮೂರು ವರ್ಷ ಅಂದಿದ್ದೆ. ಆಯ್ತಲ್ಲ. ಊರ ಮೆಣಸಿಗೂ ಹುಳ ಬರ್ತಿತ್ತು. ಮೂಸಿ ನೋಡಿ ಹೋಗ್ಬುಡ್ತಿತ್ತು. ಮುಂದಿನ ವಾರ ನಿಮ್ಮೂರಿಗೆ ಹೋಗಿ ನಾಲ್ಕು ತುಂಡು ತಗಂಬಾ."

ರೊಟ್ಟಿ ಕಾವಲಿಯ ಮೇಲೆ ಸುಟ್ಟಿತು. ತೆಂಗಿನ ಮರ ಇತ್ತು, ಬಳ್ಳಿ ಎಲ್ಲಿಂದ ತರುವುದು? ನನ್ನ ತಾಯಿ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಇದ್ದಿದ್ದರೆ ಅವಳ ಮೇಲೆ ಏನಾದರೊಂದು ಹಾಕಬಹುದಿತ್ತು. ಹೇಳಿಬಿಡಬೇಕಿತ್ತು ಅವತ್ತೇ, ನಾನು ಎಸೆದೆ ಅತ್ತೆ, ಚಿಕ್ಕವಳು, ಬುದ್ಧಿ ಇರಲಿಲ್ಲ ಎಂದು. ಆದರೆ ಎಸೆದದ್ದನ್ನು ಒಪ್ಪಿಕೊಳ್ಳಬಹುದು, ಮಧ್ಯೆ ಬಾಡಿಸಿ ಸೊಪ್ಪು ಮುಚ್ಚಿಸಿದ್ದನ್ನು ಹೇಗೆ ಒಪ್ಪಿಕೊಳ್ಳುವುದು? ಮೇಲಾಗಿ, ನನ್ನ ಕೈಗೆ ಸಿಕ್ಕಿದ್ದ ಬಳ್ಳಿ ಎರಡು ಕಡೆಯದು. ಎರಡನ್ನೂ ಮುಗಿಸಿದವಳು ನಾನೇ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

"ಅಷ್ಟು ದೂರ ಯಾಕೆ ಅತ್ತೆ, ಬೇಸಿಗೆಯಲ್ಲಿ ಬಳ್ಳಿ ಬಾಡುತ್ತೆ. ನಿಮ್ಮ ತವರಲ್ಲೇ ಇರಬೇಕಲ್ಲ, ನೀವು ಮದುವೆಯಾದಾಗ ತಗೊಂಡು ಹೋಗಿದ್ದು?" ಎಂದೆ. ಮಾರನಹಳ್ಳಿಯ ಹತ್ತಿರ, ಘಟ್ಟದ ಅಂಚಿನಲ್ಲಿ ಅವರ ತವರು.

ಅತ್ತೆ ನನ್ನ ಮುಖ ನೋಡಿ, "ಹೋಗಿ ನೋಡು" ಎಂದರು.

ಹೋದೆ. ಅತ್ತೆಯ ತಮ್ಮ, ಎಪ್ಪತ್ತರ ಹತ್ತಿರದ ಮನುಷ್ಯ, ನಗುತ್ತಾ ಬರಮಾಡಿಕೊಂಡರು. "ಅಕ್ಕನ ಬಳ್ಳಿನಾ? ಸೊರಗು ರೋಗ ಬಂದು ಹೋಗ್ಬುಡ್ತು ಕಣಮ್ಮ, ಹತ್ತು ವರ್ಷದ ಮೇಲಾಯ್ತು. ಅಕ್ಕಂಗೂ ಗೊತ್ತಲ್ಲ." ಗೊತ್ತಿದ್ದೂ ಕಳಿಸಿದ್ದಾರೆ! ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿಲ್ಲ ಎಂದು ನೆನಪಾಗಿ ಅದೂ ಅರ್ಧಕ್ಕೇ ನಿಂತಿತು.

ಅವರ ತೋಟಕ್ಕೂ ಹುಳ ಬಿದ್ದಿತ್ತು. ತೋಟದ ಕೊನೆಗೆ, ಎಡಕುಮೇರಿಯ ಕಡೆ ಇಳಿಯುವ ಕಣಿವೆಯ ಬಾಯಲ್ಲಿ, ಒಂದು ಭಾರಿ ಮರಕ್ಕೆ ಬುಡದಿಂದ ತುದಿಯವರೆಗೆ ಕಾಡುಮೆಣಸಿನ ಬಳ್ಳಿ ಹಬ್ಬಿತ್ತು. ಅವರ ಬಳ್ಳಿಯ ಎಲೆಯೆಲ್ಲ ಜರಡಿ, ಹತ್ತು ಮಾರು ಆಚೆ ಇದರ ಎಲೆಯಲ್ಲಿ ಒಂದು ತೂತಿಲ್ಲ. ಬೇಕಂತಲೇ ಒಂದು ದುಂಬಿ ಹಿಡಿದು ಅದರ ಎಲೆಯ ಮೇಲೆ ಬಿಟ್ಟೆ. ಎರಡು ಹೆಜ್ಜೆ ನಡೆದು ನೆಗೆದು ಹೋಯಿತು. ದೇವರೇ ತೋರಿಸಿದ ದಾರಿ ಎನಿಸಿತು. ಕಾಡಿನದು, ಯಾರ ಔಷಧಿಯೂ ಬೇಡದ್ದು, ಇದನ್ನೇ ತಂದು ಹಬ್ಬಿಸಿ ಅತ್ತೆಯ ಮುಂದೆ ನಿಲ್ಲಿಸಿದರೆ ಊರ ಮೆಣಸಿನ ಮಾತೇ ಏಳುವುದಿಲ್ಲ.

ತೆನೆ ಇರಲಿಲ್ಲ. ಬೇಸಿಗೆಯಲ್ಲವೇ, ಹಕ್ಕಿ ತಿಂದಿರುತ್ತವೆ ಎಂದುಕೊಂಡೆ. ಆ ದಿನ ನಾನು ಆನೆ ಬಂದರೇನು ಎಂದು ಚಿಂತಿಸಿದೆ, ಬೇಸಿಗೆಯಲ್ಲೂ ಜಿಗಣೆಗೆ ಹೆದರಿ ಕಾಲಿಗೆ ಸುಣ್ಣ ಹಚ್ಚಿಕೊಂಡೆ, ಕೊನೆ ಬಸ್ಸು ತಪ್ಪುತ್ತದೆಂದು ನಾಲ್ಕು ಸಲ ಗಡಿಯಾರ ನೋಡಿದೆ. ಚಿಂತೆ ಮಾಡಬೇಕಾದ ಒಂದೇ ಒಂದು ವಿಷಯವನ್ನು ಬಿಟ್ಟು ಉಳಿದದ್ದಕ್ಕೆಲ್ಲ ಚಿಂತೆ ಮಾಡಿ, ಬುಡದಲ್ಲಿ ಹರಿದಾಡುತ್ತಿದ್ದ ಬಳ್ಳಿಗಳನ್ನು ಕೊಯ್ದು ಎರಡು ಗೋಣಿ ತುಂಬಿಸಿಕೊಂಡು ಬಂದೆ.

ಅತ್ತೆ ಗೋಣಿ ನೋಡಿ, "ಇದು ನಿಮ್ಮೂರದ್ದಲ್ಲ" ಎಂದರು.

"ಕಾಡಿನದು ಅತ್ತೆ. ಹುಳ ಹತ್ತಿರವೂ ಬರಲ್ಲ, ನಾನೇ ಪರೀಕ್ಷೆ ಮಾಡಿದ್ದೀನಿ."

"ಕಾಳು ನೋಡಿದ್ಯಾ?"

"ಹಕ್ಕಿ ತಿಂದಿವೆ."

"ಹೂಂ" ಎಂದು ಒಳಗೆ ಹೋದರು. ಆ 'ಹೂಂ'ನಲ್ಲಿ ಏನೋ ಇತ್ತು. ಆದರೆ ಬಿಡಿಸಿ ನೋಡುವ ವ್ಯವಧಾನ ನನಗಿರಲಿಲ್ಲ.

ಚೀಲದಲ್ಲಿ ಬೇರು ಬರಿಸಿ, ಹುಳ ಹೆಚ್ಚಾಗಿದ್ದ ಅರ್ಧ ತಾಕಿನ ಹೈಬ್ರಿಡ್ ಕಡಿಸಿ, ಆ ಮರಗಳಿಗೆಲ್ಲ ಕಾಡುಬಳ್ಳಿ ಹಬ್ಬಿಸಿದೆ. ಎಂಥ ಬೆಳವಣಿಗೆ! ನಾಲ್ಕು ವರ್ಷದಲ್ಲಿ ಸಿಲ್ವರ್ ಓಕಿನ ಕಾಂಡವೇ ಕಾಣದಷ್ಟು ಮುಚ್ಚಿಬಿಟ್ಟಿತು. ಎಲೆ ಕನ್ನಡಿ. ಒಂದು ತೂತಿಲ್ಲ. ಹೋದವರು ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದೆ. ಪಕ್ಕದ ಎಸ್ಟೇಟಿನವರು ನಮಗೂ ನಾಲ್ಕು ತುಂಡು ಇರಲಿ ಎಂದರು. ಫಸಲು ಬರಲಿ, ಕೊಡೋಣ ಎಂದು ಗತ್ತಿನಿಂದ ಹೇಳಿದೆ. ಆ ಗತ್ತೊಂದೇ ಆ ಬಳ್ಳಿಯಿಂದ ನನಗೆ ಸಿಕ್ಕ ಫಸಲು.

ನಾಲ್ಕನೇ ಮಳೆಗಾಲದಲ್ಲಿ ತೆನೆ ಹೊರಟವು. ಸಣ್ಣ, ಹಳದಿ ಬಿಳುಪಿನ ಎಳೆಗಳು. ಹಿಗ್ಗಿ ದಿನಾ ಹೋಗಿ ನೋಡುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಮರದ ಬುಡದಲ್ಲೆಲ್ಲ ಎಳೆಗಳು ಉದುರಿ ಬಿದ್ದಿವೆ. ಹುಳವೇ? ರೋಗವೇ? ಮೆಣಸು ಕೊಯ್ಯುವುದರಲ್ಲಿ ಪಳಗಿದ ಹೆಂಗಸೊಬ್ಬಳಿದ್ದಳು ನಮ್ಮ ಆಳುಗಳ ಲೈನು ಮನೆಯಲ್ಲಿ, ಅತ್ತೆಯ ವಾರಗೆಯವಳು. ಅವಳನ್ನು ಕೂಗಿ ಕರೆದೆ. ಅವಳು ಒಂದು ಎಳೆ ಎತ್ತಿ ಅಂಗೈ ಮೇಲಿಟ್ಟುಕೊಂಡು ನೋಡಿದಳು. ಬಳ್ಳಿ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಮ್ಮಾವ್ರೇ, ಇದು ಗಂಡು ಬಳ್ಳಿ."

"ಏನಂದೆ?"

"ಕಾಡಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಇರ್ತವೆ ಕಣ್ರಮ್ಮ. ತೋಟದವು ಒಂದ್ರಲ್ಲೇ ಎರಡೂ ಇರ್ತವೆ. ನೀವು ತಂದಿರೋದೆಲ್ಲ ಒಂದೇ ಮರದ್ದಲ್ವಾ? ಎಲ್ಲಾ ಗಂಡೇ. ಕಾಳು ಕಟ್ಟಲ್ಲ."

"ಇನ್ನೆರಡು ವರ್ಷ ಬಿಟ್ರೆ?"

"ಇಪ್ಪತ್ತು ವರ್ಷ ಬಿಡಿ. ಗಂಡಸು ಹೆರ್ತಾನಾ?" ಎಂದವಳೇ ತಡೆಯಲಾರದೆ ಅಲ್ಲೇ ಕಲ್ಲಿನ ಮೇಲೆ ಕೂತು ನಕ್ಕಳು.

ಹುಳ ಮುಟ್ಟಿರಲಿಲ್ಲ, ನಿಜ. ಮುಟ್ಟಲು ಕಾಳೇ ಎಲ್ಲಿತ್ತು ಅದರಲ್ಲಿ? ಕಾಳಿಲ್ಲದ ಬಳ್ಳಿಯನ್ನು ತಂದು ಕಾಳು ತಿನ್ನುವ ಹುಳದಿಂದ ಪಾರು ಮಾಡಿದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಸಂಜೆ ಇವರಿಗೆ ಹೇಳಿದೆ. ಚಪ್ಪಲಿ ಬಿಚ್ಚುತ್ತಿದ್ದವರು ಒಂದು ಕಾಲಲ್ಲೇ ನಿಂತು, "ಸೊನ್ನೆಯಿಂದ ಎಷ್ಟು ಕಳೆದ್ರೂ ನಷ್ಟ ಇಲ್ಲ ಬಿಡೆ ಮಾರಾಯ್ತಿ" ಎಂದರು. ಆ ಲೆಕ್ಕವೂ ತಪ್ಪು. ಅವರಿಗೆ ತಿದ್ದಿ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಮರುದಿನ ಅತ್ತೆ ಹಿತ್ತಿಲಲ್ಲಿ ಕೆಸುವಿನ ಸೊಪ್ಪು ಕೊಯ್ಯುತ್ತಿದ್ದರು. ಲೈನಿನವಳು ಅಷ್ಟರಲ್ಲೇ ಸುದ್ದಿ ಮುಟ್ಟಿಸಿದ್ದಳೆಂದು ಅವರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

"ನಿಮಗೆ ಮೊದಲೇ ಗೊತ್ತಿತ್ತಾ ಅತ್ತೆ, ಗಂಡು ಅಂತ?"

"ಕಾಳು ನೋಡಿದ್ಯಾ ಅಂತ ಕೇಳ್ದೆ. ಹಕ್ಕಿ ತಿಂದವೆ ಅಂದೆ." ಒಂದು ದಂಟು ಮುರಿದರು. "ಈಗ್ಲಾದ್ರೂ ನಿಮ್ಮೂರಿಗೆ ಹೋಗ್ತೀಯೋ, ಇನ್ನೊಂದು ಕಾಡು ಹುಡುಕ್ತೀಯೋ?"

ಅಷ್ಟು ವರ್ಷದ ಹುಳ, ಮಳೆ, ಔಷಧಿ, ಗಂಡು ಬಳ್ಳಿ ಎಲ್ಲ ಒಟ್ಟಿಗೆ ನಾಲಿಗೆಗೆ ಬಂತು. ಹೆಚ್ಚುಕಡಿಮೆ ಕಿರುಚಿದೆ. "ಅಲ್ಲಿ ಬಳ್ಳಿ ಇಲ್ಲ ಅತ್ತೆ! ಯಾವ ತೆಂಗಿನ ಮರದಲ್ಲೂ ಇಲ್ಲ! ನಾನು ಅವತ್ತೇ ತಿಪ್ಪೆಗೆ ಎಸೆದುಬಿಟ್ಟೆ. ಇಷ್ಟು ವರ್ಷ ನಿಮಗೆ ಸುಳ್ಳು ಹೇಳಿದೆ. ಇಲ್ಲೂ ಕಡಿಸಿದೆ, ಅಲ್ಲೂ ಕೊಂದೆ. ನಿಮ್ಮ ಊರ ಮೆಣಸು ಇನ್ನು ಎಲ್ಲೂ ಇಲ್ಲ."

ಅತ್ತೆ ಸೊಪ್ಪಿನ ಕಟ್ಟು ಕಟ್ಟಿ ಮುಗಿಸಿದರು.

"ತೆಂಗಿನ ಮರದಲ್ಲಿಲ್ಲ ಅಂತ ನಂಗೂ ಗೊತ್ತು. ಗದ್ದೆ ಬಾವಿ ಹತ್ರ ಮಾವಿನ ಮರದಲ್ಲೈತೆ."

ಕಟ್ಟನ್ನು ಪಕ್ಕಕ್ಕಿಟ್ಟು ಅವರೇ ಮುಂದುವರಿಸಿದರು.

"ನೀ ಎಸೆದಿದ್ದ ನಿಮ್ಮವ್ವ ಅವತ್ತು ಸಂಜೆನೇ ಎತ್ತಿ ನೆಟ್ಟವ್ರೆ. ಮಗಳನ್ನ ಕೊಟ್ಟ ಮನೆ ಬಳ್ಳಿ, ತಿಪ್ಪೇಲಿರಬಾರ್ದು ಅಂತ. ನಿನ್ನ ತಮ್ಮನ ಮದುವೇಲಿ ನನ್ನ ಕೈ ಹಿಡ್ಕಂಡು ಹೋಗಿ ತೋರ್ಸಿದ್ರು. ನೀನು ಅಡಿಗೆಮನೇಲಿ ಉಪ್ಪು ಜಾಸ್ತಿಯಾಯ್ತು ಅಂತ ಅಳ್ತಾ ಇದ್ದೆ."

"ಅಲ್ಲ ಅತ್ತೆ... ಗೊತ್ತಿದ್ದೂ ವರ್ಷಾ ವರ್ಷಾ ತೆಂಗಿನ ಮರ, ತೆಂಗಿನ ಮರ ಅಂತ ಕೇಳ್ತಿದ್ರಲ್ಲ!"

"ಯಾವತ್ತಾದ್ರೂ ನಿಜ ಹೇಳ್ತೀಯೇನೋ ಅಂತ."

"ಹುಳ ಬಿದ್ದಾಗಲಾದ್ರೂ ಹೇಳಬಹುದಿತ್ತು! ಐದಾರು ವರ್ಷ ಹಾಳಾಯ್ತಲ್ಲ!"

"ನಿಮ್ಮೂರಿಗೆ ಹೋಗು ಅಂತ ಎಷ್ಟು ಸಲ ಹೇಳ್ದೆ? ಹೋಗಿದ್ರೆ ಸಿಗ್ತಿತ್ತು." ಕಟ್ಟು ಎತ್ತಿಕೊಂಡು ಎದ್ದರು. "ಒಂದು ಬಳ್ಳಿ ಬುಡು ಅಂದಿದ್ದೆ ಅವತ್ತು. ಅದನ್ನೂ ಕೇಳ್ಲಿಲ್ಲ ನೀನು." ಅಷ್ಟೂ ವರ್ಷದಲ್ಲಿ ಅವರ ದನಿ ಸ್ವಲ್ಪ ನಡುಗಿದ್ದು ಆ ಒಂದು ಮಾತಿನಲ್ಲಿ. ಕಡಿಸಿದ ದಿನ ಅವರು ಯಾಕೆ ತಲೆ ಎತ್ತದೆ ಅವರೆಕಾಯಿ ಸುಲಿಯುತ್ತಿದ್ದರೆಂದು ಆಗ ಹೊಳೆಯಿತು. ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯದೆ ಕೆಸುವಿನ ದಂಟೊಂದನ್ನು ಮುರಿಯುತ್ತಾ ನಿಂತಿದ್ದೆ. ಕೈ ತುರಿಸುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಪಾಳ್ಯಕ್ಕೆ ಹೋದೆ. ತಮ್ಮ ಗದ್ದೆ ಬದುವಿನ ಮೇಲೆ ಕರೆದುಕೊಂಡು ಹೋದ. ಪ್ರತಿ ವರ್ಷ ತವರಿಗೆ ಬಂದವಳು ನಡುಮನೆ, ಅಡಿಗೆಮನೆ ಬಿಟ್ಟು ಇತ್ತ ಕಾಲಿಟ್ಟವಳೇ ಅಲ್ಲ. ಬಾವಿಯ ತೇವಕ್ಕೆ, ಮಾವಿನ ನೆರಳಿಗೆ ಬಳ್ಳಿ ಮೊದಲ ಕೊಂಬೆಯವರೆಗೂ ಹತ್ತಿತ್ತು. ಕಿರುಬೆರಳುದ್ದದ ತೆನೆ, ಸಣ್ಣ ಕಾಳು. ಒಂದನ್ನು ಹಲ್ಲಿಗಿಟ್ಟೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಬಂತೆಂದು ತಮ್ಮನಿಗೆ ಹೇಳಿದೆ.

"ಅವ್ವ ಸಾಯೋ ವರ್ಷದವರೆಗೂ ಬುಡಕ್ಕೆ ಸೊಪ್ಪು ಮುಚ್ತಿತ್ತು ಅಕ್ಕ. ನೀನೇ ಹೇಳಿ ಕಳ್ಸಿದ್ದಂತಲ್ಲ" ಎಂದ.

ನಾನು ಯಾರಿಗೂ ಹೇಳಿ ಕಳಿಸಿರಲಿಲ್ಲ. ಯಾರು ಹೇಳಿ ಕಳಿಸಿದ್ದರೆಂದು ಕೇಳುವ ಅಗತ್ಯವೂ ಇರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮತ್ತೆ ತೊಡೆಯ ಮೇಲೆ ಒದ್ದೆ ಗೋಣಿ. ಸೀರೆ ನೆನೆಯಿತು. ಕಂಡಕ್ಟರು, "ಏನಮ್ಮ ಅದು, ಸೀಟೆಲ್ಲ ನೀರು?" ಎಂದು ರೇಗಿದ. ರೇಗಲಿ. ನನಗೆ ಆಗಲೇ ಬೇರೆ ಚಿಂತೆ ಶುರುವಾಗಿತ್ತು. ಪಾಳ್ಯದಲ್ಲಿ ಹುಳವೇ ಇಲ್ಲ. ಬಳ್ಳಿ ಗಟ್ಟಿಯೋ, ಜಾಗ ಒಳ್ಳೆಯದೋ, ಯಾರು ಕಂಡರು? ಅತ್ತೆಯ ನೆನಪೇ ತಪ್ಪಿರಬಹುದಲ್ಲ? ಹುಳ ಮೂಸಿ ನೋಡಿ ಹೋಗುತ್ತಿತ್ತೆಂಬುದಕ್ಕೆ ಅವರ ಮಾತು ಬಿಟ್ಟರೆ ಸಾಕ್ಷಿ ಏನಿದೆ?

ಆರಿದ್ರಾ ಮಳೆಗೆ ನೆಟ್ಟೆವು. ಅತ್ತೆ ತಾವೇ ಕೊಡೆ ಹಿಡಿದು ಹಳ್ಳಕ್ಕೆ ಇಳಿದರು, ಬೇಡವೆಂದರೂ ಕೇಳದೆ. ಹೊಸ ಚಿಗುರನ್ನು ಬಾಳೆಯ ನಾರಿನಿಂದ ಮರಕ್ಕೆ ಕಟ್ಟುವುದನ್ನು ತೋರಿಸಿದರು. ನನಗೆ ಗೊತ್ತಿತ್ತು, ಆದರೂ ತೋರಿಸಿಕೊಂಡೆ. ಬೇಕೆಂದೇ ಹೈಬ್ರಿಡ್ ಬಳ್ಳಿಗಳ ನಡುನಡುವೆ ಹಬ್ಬಿಸಿದೆ, ಹುಳ ತಿನ್ನುವುದಾದರೆ ಈಗಲೇ ತಿಂದು ತೋರಿಸಲಿ ಎಂದು. ಗಂಡು ಬಳ್ಳಿಗಳನ್ನು ಕಿತ್ತು ಹಾಕಿಸಿದೆ. ಒಂದನ್ನು ಮಾತ್ರ ಇವರು ಬಿಡಿಸಿಕೊಂಡರು. ನೆನಪಿಗಿರಲಿ ಎಂದರು. ಯಾರ ನೆನಪಿಗೆ ಎಂದು ಹೇಳಲಿಲ್ಲ.

ಮತ್ತೆ ಕಾಯುವುದು. ಮೆಣಸಿನ ಸಹವಾಸವೆಂದರೆ ಕಾಯುವುದೇ. ನಾಲ್ಕನೇ ವರ್ಷ ಕಾಳು ಬಲಿತಾಗ ಎರಡನ್ನೂ ಬೇರೆ ಬೇರೆ ಕೊಯ್ಯಿಸಿ ಬೇರೆ ಬೇರೆ ಒಣಗಿಸಿದೆ. ಕಣದಲ್ಲಿ ಅತ್ತೆ ಮೊರ ಹಿಡಿದು ಕೂತರು. ಕಣ್ಣು ಮಂಜಾಗಿತ್ತು. ಕಿವಿಯಿಂದಲೇ ಕೇರುತ್ತಿದ್ದರು. ಹೈಬ್ರಿಡ್ಡಿನದು ಮೊರದಲ್ಲಿ ಒಣ ಎಲೆಯ ಹಾಗೆ ಸರಪರ ಅಂದಿತು, ಜೊಳ್ಳು ಎದ್ದು ಗಾಳಿಗೆ ಹೋಯಿತು. ಆಮೇಲೆ ಊರ ಮೆಣಸು ಸುರಿದೆ. ಕಲ್ಲು ಬಿದ್ದ ಸದ್ದು.

ಒಂದಷ್ಟು ಜೊಳ್ಳು ಅದರಲ್ಲೂ ಹಾರಿತು. ನಾನು ಬಗ್ಗಿ ಅದನ್ನೇ ಆರಿಸತೊಡಗಿದೆ. "ಅತ್ತೆ, ಇದಕ್ಕೂ ಬಿದ್ದಿದೆ. ನೋಡಿ ಇಲ್ಲಿ, ಇನ್ನೊಂದು. ಹೆಚ್ಚಾಗ್ತಾ ಹೋದ್ರೆ?"

"ಏ, ಅದಕ್ಕೂ ಹೊಟ್ಟೆ ಐತೆ ಕಣೆ. ನಾಲ್ಕು ಕಾಳು ತಿನ್ಲಿ ಬುಡು." ಒಂದು ಕಾಳು ಬಾಯಿಗೆ ಹಾಕಿಕೊಂಡು ದವಡೆಯಲ್ಲಿ ಬಹಳ ಹೊತ್ತು ಆಡಿಸಿದರು.

"ನಮ್ದೇ" ಎಂದರು. ಇನ್ನೊಂದು ಮೊರ ತುಂಬು ಎಂದು ಕೈ ಮಾಡಿದರು.

ಅದಾದ ಮೇಲೆ ನನಗೊಂದು ಹೊಸ ಕಾಯಿಲೆ ಹತ್ತಿತು. ಆ ಬಳ್ಳಿ ಇನ್ನೊಮ್ಮೆ ಕಳೆದುಹೋದರೆ ಎಂಬ ಭಯ. ಲೈನಿನ ಹಿಂದಿನ ಹಾಲವಾಣದ ಮರಕ್ಕೆ ಹಬ್ಬಿಸಿದೆ. ಅತ್ತೆಯ ತವರಿಗೆ ಕಳಿಸಿದೆ. ಪಕ್ಕದ ಎಸ್ಟೇಟಿನವರಿಗೆ ಅವರು ಕೇಳದಿದ್ದರೂ ಕೊಟ್ಟೆ. ನಮ್ಮ ಮನೆಗೆ ಬಂದವರು ಈಗ ಎದ್ದು ಹೊರಡುವಾಗ ಗೇಟಿನ ಕಡೆ ಬೇಗ ಬೇಗ ಹೆಜ್ಜೆ ಹಾಕುತ್ತಾರೆ, ಗೋಣಿ ಬರುತ್ತದೆಂದು.

ಮೈದುನನ ಮಗನಿಗೆ ಮದುವೆಯಾಯಿತು. ಹುಡುಗಿ ಹಾಸನದ ಪೇಟೆಯವಳು. ಅವಳು ಮೊದಲ ಸಲ ತವರಿಗೆ ಹೊರಟಾಗ ಒದ್ದೆ ಗೋಣಿಯ ಕಟ್ಟನ್ನು ಅವಳ ತೊಡೆಯ ಮೇಲಿಟ್ಟವಳು ನಾನೇ. ಅವಳ ಮುಖ ನೋಡಿ ನನ್ನದೇ ಮುಖ ನೆನಪಾಯಿತು. ಆದರೂ ಇಟ್ಟೆ. ಹದಿನೈದು ದಿನ ಕಳೆದು ಫೋನು ಮಾಡಿದೆ.

"ಬಳ್ಳಿ ಹೇಗಿದೆಯಮ್ಮ?"

"ಚೆನ್ನಾಗಿದೆ ದೊಡ್ಡತ್ತೆ!" ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು.

ಒಳಗಿನ ಮಂಚದ ಮೇಲಿಂದ ಅತ್ತೆಯ ದನಿ ಕೇಳಿತು.

"ಯಾವ ಮರಕ್ಕೆ ಅಂತ ಕೇಳೇ."